ದುಡಿಮೆಯ ಉಡುಪು: ಒಕ್ಕಲುತನದ ಕೆಲಸಕ್ಕೆ ಬಾಳಿಕೆಯ ಬಟ್ಟೆಯನ್ನು ಆರಿಸುವ ಬಗೆ

ಅನ್ನ, ಅರಿವೆ, ಆಸರೆ ಎಂದು ಮನುಷ್ಯನ ಅಗತ್ಯಗಳನ್ನು ಎಣಿಸುವಾಗ ಅರಿವೆಗೆ ಎರಡನೆಯ ಸ್ಥಾನ ದೊರೆಯುತ್ತದೆ. ಆದರೆ ಅನ್ನವನ್ನು ಕುರಿತು ನಡೆದಷ್ಟು ವಿಚಾರ ಅರಿವೆಯನ್ನು ಕುರಿತು ನಡೆದಿಲ್ಲ. ದುಡಿಯುವವನ ಅರಿವೆಯನ್ನು ಕುರಿತಂತೂ ನಡೆದೇ ಇಲ್ಲವೆನ್ನಬಹುದು. ನೊಗಕ್ಕೆ ಯಾವ ಮರ, ಮಿಣಿಗೆ ಯಾವ ತೊಗಲು, ಕುಂಟೆಯ ಅಲಗಿಗೆ ಯಾವ ಕಬ್ಬಿಣ ಎಂಬುದನ್ನು ರೈತನು ಕೂಲಂಕಷವಾಗಿ ವಿಚಾರಿಸುತ್ತಾನೆ. ಆ ನೊಗ, ಮಿಣಿ, ಕುಂಟೆಗಳನ್ನು ಹಿಡಿದು ವರ್ಷವಿಡೀ ಬಿಸಿಲು ಮಳೆಗಳಲ್ಲಿ ದುಡಿಯುವ ಮೈಗೆ ಯಾವ ಬಟ್ಟೆ ಎಂಬ ಪ್ರಶ್ನೆ ಬಂದಾಗ ಮಾತ್ರ ‘ಯಾವುದೋ ಒಂದು ಹಳೆಯದು’ ಎಂಬುದೇ ಸಾಮಾನ್ಯವಾದ ಉತ್ತರ. ಜಾತ್ರೆಗೆ, ಮದುವೆಗೆ, ಊರಿಗೆ ಹೋಗುವುದಕ್ಕೆ ಬಟ್ಟೆಯನ್ನು ಆರಿಸುವವರುಂಟು. ಹೊಲಕ್ಕೆ ಹೋಗುವುದಕ್ಕೆ ಆರಿಸುವವರು ವಿರಳ. ಅಲ್ಲಿಗೆ ಸಲ್ಲುವುದು ಉಳಿದೆಡೆ ಸಲ್ಲದೆ ಹೋದದ್ದು. ಈ ಉದಾಸೀನವು ಹಣದ ದೃಷ್ಟಿಯಿಂದ ನಷ್ಟವನ್ನೂ, ದೇಹದ ದೃಷ್ಟಿಯಿಂದ ಅಪಾಯವನ್ನೂ ತರುತ್ತದೆಂಬುದನ್ನು ವಿವರಿಸಿ, ಬಾಳಿಕೆಯ ಬಟ್ಟೆಯನ್ನು ಗುರುತಿಸುವ ಕ್ರಮವನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿದೆ.

ಪದವಿಚಾರ

ವಸ್ತುವಿನ ಸ್ವರೂಪವನ್ನು ತಿಳಿಯುವುದಕ್ಕೆ ಅದರ ಹೆಸರನ್ನು ವಿಚಾರಿಸುವುದು ಒಳ್ಳೆಯ ದಾರಿ. ‘ಅರಿವೆ’ ಎಂಬುದು ಹಳಗನ್ನಡದ ‘ಅಱುವೆ’. ಕಡಿ, ಹರಿ ಎಂಬ ಅರ್ಥದ ‘ಅಱು’ ಧಾತುವಿನಿಂದ ಬಂದುದು. ಮಗ್ಗದಿಂದ ಕತ್ತರಿಸಿ ತೆಗೆದುದು ಅರಿವೆ. ಸಂಸ್ಕೃತದ ‘ವಸ್ತ್ರ’ವು ಮುಚ್ಚುವುದು ಎಂಬ ಅರ್ಥದ ‘ವಸ್’ ಧಾತುವಿನಿಂದ ಹುಟ್ಟಿದೆ. ಒಂದು ಹೆಸರು ಬಟ್ಟೆ ಹುಟ್ಟುವ ಬಗೆಯನ್ನು ಹೇಳಿದರೆ ಇನ್ನೊಂದು ಅದು ಮಾಡುವ ಕೆಲಸವನ್ನು ಹೇಳುತ್ತದೆ.

ಕನ್ನಡದಲ್ಲಿ ಬಟ್ಟೆಯನ್ನು ಧರಿಸುವುದಕ್ಕೆ ಒಂದೇ ಕ್ರಿಯಾಪದವಿಲ್ಲ. ದೋತರವನ್ನೂ ಸೀರೆಯನ್ನೂ ‘ಉಡು’ತ್ತಾರೆ, ಅಂಗಿಯನ್ನು ‘ತೊಡು’ತ್ತಾರೆ, ಕಂಬಳಿಯನ್ನು ‘ಹೊದೆ’ಯುತ್ತಾರೆ, ರುಮಾಲನ್ನು ‘ಸುತ್ತು’ತ್ತಾರೆ. ಈ ನಾಲ್ಕು ಕ್ರಿಯೆಗಳಲ್ಲಿ ನಾಡಿನ ಉಡುಪಿನ ಸಮಗ್ರ ವ್ಯವಸ್ಥೆ ಅಡಗಿದೆ. ಉಡುವುದು, ಹೊದೆಯುವುದು, ಸುತ್ತುವುದು ಈ ಮೂರೂ ಹೊಲಿಗೆಯಿಲ್ಲದ ಬಟ್ಟೆಗೆ ಸಂಬಂಧಿಸಿದವು. ತೊಡುವುದೊಂದೇ ಹೊಲಿದ ಬಟ್ಟೆಗೆ ಸಂಬಂಧಿಸಿದ್ದು. ಹೊಲಿಗೆಯಿಲ್ಲದ ಬಟ್ಟೆಗೆ ತುದಿಗಳಿರುತ್ತವೆ. ಸೆರಗು, ಚುಂಗು, ಅಂಚು ಎಂದು ಅವು ಮೈಯಿಂದ ಬೇರೆಯಾಗಿ ಜೋಲುತ್ತವೆ. ಹೊಲಿದ ಬಟ್ಟೆ ಮೈಯನ್ನು ಅನುಸರಿಸುತ್ತದೆ. ಈ ಭೇದ ಮುಂದೆ ಯಂತ್ರದ ಪ್ರಸ್ತಾಪ ಬಂದಾಗ ಜೀವನ್ಮರಣದ ಭೇದವಾಗಿ ಪರಿಣಮಿಸುವುದನ್ನು ಕಾಣಬಹುದು.

ಇಂಗ್ಲಿಷಿನಲ್ಲಿ ‘ಓವರಾಲ್’ ಎಂದು ಕರೆಯುವ, ಉಳಿದ ಬಟ್ಟೆಯ ಮೇಲೆ ಇಡೀ ಮೈಗೆ ತೊಡುವ ಕೆಲಸದ ಉಡುಪನ್ನು ಕನ್ನಡದಲ್ಲಿ ‘ಮೈಗವಸು’ ಎನ್ನಬಹುದು. ಇದಕ್ಕಿರುವ ಇನ್ನೊಂದು ಹೆಸರು ‘ಡಂಗರಿ’. ಈ ಶಬ್ದ ಪಾಶ್ಚಾತ್ಯವಾಗಿ ತೋರಿದರೂ ಮೂಲದಲ್ಲಿ ಭಾರತೀಯವಾದುದು. ಮುಂಬಯಿಯ ಡೋಂಗ್ರಿ ಎಂಬ ಭಾಗದ ಸುತ್ತಮುತ್ತ ಮಾರಾಟವಾಗುತ್ತಿದ್ದ ಒರಟಾದ ಹತ್ತಿಯ ಬಟ್ಟೆಗೆ ಆ ಹೆಸರು ಬಂದಿತೆಂದು ಸಾಮಾನ್ಯವಾಗಿ ಅರ್ಥ ಹೇಳಲಾಗುತ್ತದೆ. ಈ ದೇಶದ ಬಡವನ ಬಟ್ಟೆ ಹಡಗನ್ನೇರಿ ಹೋಗಿ, ಪರದೇಶದ ಶ್ರಮಿಕನ ಉಡುಪಾಗಿ, ಅದೇ ಹೆಸರಿನಿಂದ ಮರಳಿ ಬಂದಿರುವುದು ವಿಚಾರಾರ್ಹ.

ಹಿಂದಿನವರ ಆಯ್ಕೆ

ಹೊಲದ ಉಡುಪಿನ ವಿಷಯದಲ್ಲಿ ಪೂರ್ವಿಕರು ವಿವೇಚನೆಯಿಲ್ಲದವರಾಗಿದ್ದರೆಂದು ಭಾವಿಸಲಾಗದು. ಕಂಬಳಿಯೇ ಇದಕ್ಕೆ ನಿದರ್ಶನ. ದಖ್ಖಣಿ ಕುರಿಯ ಒರಟು ಉಣ್ಣೆಯನ್ನು ನೂತು, ಹಾಸಿಗೆ ಹುಣಿಸೆಬೀಜದ ಸರಿಯನ್ನು ಹಚ್ಚಿ ನೇಯ್ದ ಕಂಬಳಿಯು ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಕಣದಲ್ಲಿ ಹಾಸಿಗೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುವ ಗುಣವುಳ್ಳದ್ದು. ಹತ್ತಿಗೆ ಆ ಗುಣವಿಲ್ಲ. ಮಲೆನಾಡಿನಲ್ಲಿ ನಾಟಿಯ ಕಾಲಕ್ಕೆ ಎಲೆಗಳಿಂದ ಹೆಣೆದ ಗೊರಬನ್ನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು. ಬಗ್ಗಿ ಕೆಲಸಮಾಡುವವರ ಬೆನ್ನಿಗೆ ಮಳೆಯ ಪೆಟ್ಟು ತಾಗದಂತೆ, ಎರಡು ಕೈಗಳೂ ಬಿಡುವಾಗಿರುವಂತೆ ಅದರ ರಚನೆಯಿತ್ತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಸೀರೆಯನ್ನು ಕಚ್ಚೆಹಾಕಿ ಉಡುತ್ತಿದ್ದುದಕ್ಕೂ ಗಂಡಸರು ದೋತರವನ್ನು ಮೇಲಕ್ಕೆತ್ತಿ ಕಟ್ಟುತ್ತಿದ್ದುದಕ್ಕೂ ಕಾರಣ ಒಂದೇ: ಕಾಲಿಗೆ ಬಿಡುವು ಬೇಕು, ಅಂಚು ಕೆಸರಿಗೆ ತಾಗಬಾರದು.

ಆ ಉಡುಪು ಆ ಕಾಲದ ಕೆಲಸಕ್ಕೆ ತಕ್ಕುದಾಗಿತ್ತು. ಎತ್ತಿನ ವೇಗಕ್ಕೆ ಚುಂಗಿನಿಂದ ಅಪಾಯವಿರಲಿಲ್ಲ. ಹೊಲಕ್ಕೆ ವಿಷವನ್ನು ಸಿಂಪಡಿಸುವ ರೂಢಿಯೂ ಇರಲಿಲ್ಲ. ಇಂದು ಟ್ರ್ಯಾಕ್ಟರು, ಒಕ್ಕುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಬೆನ್ನಿಗೆ ಕಟ್ಟಿಕೊಳ್ಳುವ ಸಿಂಪಡಕ ಇವು ಹಳ್ಳಿಹಳ್ಳಿಗೆ ಬಂದಿವೆ. ಕೆಲಸ ಬದಲಾಯಿತು, ಉಡುಪಿನ ವಿಚಾರ ಅಲ್ಲಿಯೇ ನಿಂತಿತು.

ಮೈಗವಸಿನ ಕಥೆ

ಯಂತ್ರದ ಜೊತೆಗೆ ಉಡುಪನ್ನೂ ಬದಲಾಯಿಸಿಕೊಂಡ ನಾಡುಗಳ ಅನುಭವ ಇಲ್ಲಿ ಉಪಯುಕ್ತವಾದುದು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೃಷಿಕಾರ್ಮಿಕರು ಒಂದು ಕಾಲಕ್ಕೆ ‘ಸ್ಮಾಕ್’ ಎಂಬ ಸಡಿಲವಾದ ನಿಲುವಂಗಿಯನ್ನು ತೊಡುತ್ತಿದ್ದರು. ಎದೆ ಹಾಗೂ ಭುಜಗಳಲ್ಲಿ ಬಟ್ಟೆಯನ್ನು ನೆರಿಗೆಹಿಡಿದು ಹೊಲಿದಿದ್ದರಿಂದ ತೋಳನ್ನು ಬೀಸುವುದಕ್ಕೆ ಅನುಕೂಲವಾಗುತ್ತಿತ್ತು. ಅದರ ಅನೇಕ ಮಾದರಿಗಳಲ್ಲಿ ಮುಂಭಾಗ ಹಿಂಭಾಗಗಳು ಒಂದೇ ಬಗೆಯಾಗಿದ್ದು, ಮುಂಭಾಗ ಕೊಳೆಯಾದರೆ ತಿರುಗಿಸಿ ತೊಡಬಹುದಾಗಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ನಿಲುವಂಗಿ ಮರೆಯಾಗುತ್ತ ಬಂದುದಕ್ಕೆ ಇತರ ಕಾರಣಗಳೊಡನೆ ಕೃಷಿಯಂತ್ರಗಳ ಬಳಿ ಸಡಿಲ ಬಟ್ಟೆ ಅಪಾಯಕಾರಿಯೆನಿಸಿದ್ದೂ ಒಂದು ಕಾರಣ.

ಅಮೆರಿಕದಲ್ಲಿ ನಡೆದ ಒಂದು ಸಂಗತಿ ಇನ್ನೂ ಬೋಧಪ್ರದವಾಗಿದೆ. ನೆವಾಡ ಪ್ರಾಂತದ ರೀನೋ ಎಂಬ ಊರಿನ ದರ್ಜಿ ಜೇಕಬ್ ಡೇವಿಸ್ ಎಂಬಾತನ ಬಳಿಗೆ ಒಬ್ಬ ಶ್ರಮಿಕನ ಹೆಂಡತಿ ಬಂದು, ತನ್ನ ಗಂಡನಿಗೆ ಬೇಗ ಹರಿಯದ ಷರಾಯಿಯೊಂದನ್ನು ಹೊಲಿದುಕೊಡಬೇಕೆಂದು ಕೇಳಿದಳಂತೆ. ಬಟ್ಟೆ ಹರಿಯುವುದು ಎಲ್ಲೆಡೆಯಲ್ಲ, ಜೇಬಿನ ಮೂಲೆಗಳಲ್ಲಿ ಎಂಬುದನ್ನು ಗಮನಿಸಿದ ಆತನು ಆ ಮೂಲೆಗಳಿಗೆ ತಾಮ್ರದ ಗುಬ್ಬಿಮೊಳೆಗಳನ್ನು ಬಡಿದನು. ತನಗೆ ಬಟ್ಟೆಯನ್ನು ಪೂರೈಸುತ್ತಿದ್ದ ಲೀವೈ ಸ್ಟ್ರಾಸ್ ಎಂಬ ವರ್ತಕನ ನೆರವಿನಿಂದ ಆತನು ಇದಕ್ಕೆ 1873ರ ಮೇ 20ರಂದು ಹಕ್ಕುಪತ್ರವನ್ನು ಪಡೆದನು. ಲೋಕಪ್ರಸಿದ್ಧವಾದ ಜೀನ್ಸ್ ಉಡುಪಿನ ಆರಂಭ ಇದು. 1889ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಹ್ಯಾಮಿಲ್ಟನ್ ಕಾರ್ಹಾರ್ಟ್ ಎಂಬಾತನು ಮೈಗವಸುಗಳ ಕಾರ್ಖಾನೆಯನ್ನು ತೆರೆದಾಗ, ರೈಲ್ವೆಯ ಶ್ರಮಿಕರನ್ನೇ ಕಂಡು ಮಾತನಾಡಿ, ಅವರ ಅಗತ್ಯಕ್ಕೆ ತಕ್ಕಂತೆ ಎದೆಪಟ್ಟಿಯ ಉಡುಪನ್ನು ರೂಪಿಸಿದನೆಂದು ಆ ಸಂಸ್ಥೆಯ ಚರಿತ್ರೆ ಹೇಳುತ್ತದೆ. ಈ ಎರಡು ಸಂಗತಿಗಳಿಂದಲೂ ವಿದಿತವಾಗುವ ತತ್ತ್ವ ಒಂದೇ. ಬಾಳಿಕೆಯ ಉಡುಪು ಹುಟ್ಟಿದ್ದು ಅದನ್ನು ಮಾರುವವನ ಕಲ್ಪನೆಯಿಂದಲ್ಲ. ತೊಡುವವನ ಅಗತ್ಯವನ್ನು ಕೇಳಿ ತಿಳಿದುದರಿಂದ.

ಮೈಗವಸಿನಲ್ಲಿ ಮುಖ್ಯವಾಗಿ ಮೂರು ಪ್ರಭೇದಗಳುಂಟು. ಎದೆಪಟ್ಟಿಯೂ ಭುಜದ ಪಟ್ಟಿಗಳೂ ಇರುವ, ತೋಳಿಲ್ಲದ ಉಡುಪು ಒಂದು. ಕುತ್ತಿಗೆಯಿಂದ ಹರಡಿನವರೆಗೆ ಒಂದೇ ಆಗಿರುವ ತುಂಬುತೋಳಿನ ‘ಬಾಯ್ಲರ್ ಸೂಟ್’ ಇನ್ನೊಂದು. ಮೇಲಂಗಿ ಹಾಗೂ ಷರಾಯಿ ಬೇರೆಬೇರೆಯಾಗಿರುವ ಜೋಡುಡುಪು ಮೂರನೆಯದು. ಸೊಂಟದಲ್ಲಿ ತೆರವಿಲ್ಲದ, ಹೊರಚಾಚುವ ಅಂಚಿಲ್ಲದ ಬಾಯ್ಲರ್ ಸೂಟು ಯಂತ್ರವನ್ನು ನಡೆಸುವವನಿಗೂ ರಿಪೇರಿ ಮಾಡುವವನಿಗೂ ಉತ್ತಮ. ಆದರೆ ಬಯಲುಸೀಮೆಯ ಬಿಸಿಲಿನಲ್ಲಿ ಕಳೆ ತೆಗೆಯುವವರಿಗೂ ಕೊಯ್ಲು ಮಾಡುವವರಿಗೂ ಜೋಡುಡುಪೇ ಲೇಸು. ಸೊಂಟದ ಬಳಿ ಗಾಳಿ ಆಡುತ್ತದೆ, ಬಹಿರ್ದೆಸೆಗೆ ತೊಂದರೆಯಾಗುವುದಿಲ್ಲ, ಮೊಣಕಾಲು ಹರಿದಾಗ ಷರಾಯಿಯೊಂದನ್ನು ಮಾತ್ರ ಬದಲಾಯಿಸಿದರೆ ಸಾಕಾಗುತ್ತದೆ. ಚಳಿದೇಶದಲ್ಲಿ ಬೆಳೆದ ಮಾದರಿಯನ್ನು ಯಥಾವತ್ತಾಗಿ ಅನುಕರಿಸುವ ಅಗತ್ಯವಿಲ್ಲ; ಅದರ ತತ್ತ್ವವನ್ನು ಗ್ರಹಿಸಿದರೆ ಸಾಕು.

ಬಟ್ಟೆಯ ಪರೀಕ್ಷೆ

ಬಟ್ಟೆಯ ಬಾಳಿಕೆ ಮೊದಲು ನೂಲಿನಲ್ಲಿ, ಅನಂತರ ನೇಯ್ಗೆಯಲ್ಲಿ ಇರುತ್ತದೆ. ಹಾಸಿನ ಒಂದು ಎಳೆಯ ಮೇಲೆ, ಮುಂದಿನ ಎಳೆಯ ಕೆಳಗೆ ಎಂದು ಹೊಕ್ಕು ಸಾಗಿದರೆ ಅದು ಸಾದಾ ನೇಯ್ಗೆ. ಹೊಕ್ಕು ಎರಡು ಮೂರು ಎಳೆಗಳನ್ನು ದಾಟಿ, ಪ್ರತಿ ಸಾಲಿನಲ್ಲಿಯೂ ಒಂದೊಂದು ಎಳೆ ಸರಿಯುತ್ತ ಹೋದರೆ ಬಟ್ಟೆಯ ಮೇಲೆ ಓರೆಗೆರೆಗಳು ಮೂಡುತ್ತವೆ. ಇದು ಟ್ವಿಲ್ ನೇಯ್ಗೆ. ಈ ಕ್ರಮದಲ್ಲಿ ಎಳೆಗಳನ್ನು ಹೆಚ್ಚು ಒತ್ತಾಗಿ ಕೂಡಿಸಲು ಸಾಧ್ಯವಾಗುವುದರಿಂದ ಬಟ್ಟೆ ತಿಕ್ಕಾಟವನ್ನು ತಾಳುತ್ತದೆ, ಮಡಿಕೆಗೂ ಮಣಿಯುತ್ತದೆ. ಡ್ರಿಲ್, ಡೆನಿಮ್ ಎಂಬವು ಈ ಜಾತಿಯ ಬಟ್ಟೆಗಳು. ‘ಡಕ್’ ಎಂಬ ಬಟ್ಟೆ ಸಾದಾ ನೇಯ್ಗೆಯದಾದರೂ ದಪ್ಪನೆಯ ನೂಲನ್ನು ಬಿಗಿಯಾಗಿ ಹೊಡೆದು ನೇಯುವುದರಿಂದ ಮುಳ್ಳಿಗೂ ಬಗ್ಗದಷ್ಟು ಗಟ್ಟಿಯಾಗಿರುತ್ತದೆ.

ಬಟ್ಟೆಯ ತೂಕವನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದೋ ಚದರ ಗಜಕ್ಕೆ ಇಷ್ಟು ಔನ್ಸ್ ಎಂದೋ ಹೇಳುತ್ತಾರೆ. ಚದರ ಗಜಕ್ಕೆ ಒಂದು ಔನ್ಸ್ ಎಂದರೆ ಚದರ ಮೀಟರಿಗೆ ಸುಮಾರು 34 ಗ್ರಾಂ. ಶೀತದೇಶದ ಮೈಗವಸುಗಳಿಗೆ 10ರಿಂದ 12 ಔನ್ಸಿನ, ಎಂದರೆ ಸುಮಾರು 340ರಿಂದ 400 ಗ್ರಾಮಿನ ಬಟ್ಟೆಯನ್ನು ಬಳಸುತ್ತಾರೆ. ಅಷ್ಟು ಭಾರದ ಬಟ್ಟೆ ಇಲ್ಲಿಯ ಬೇಸಗೆಗೆ ಹೊರೆಯಾದೀತು. ಷರಾಯಿಗೆ 220ರಿಂದ 270 ಗ್ರಾಮಿನ ಡ್ರಿಲ್ಲೂ, ಮೇಲಂಗಿಗೆ ಅದಕ್ಕಿಂತ ಹಗುರವಾದ ಹತ್ತಿಯ ಬಟ್ಟೆಯೂ ಯುಕ್ತವೆನಿಸುತ್ತದೆ. ಮೊಣಕಾಲು, ಆಸನ, ಮೊಣಕೈ ಈ ಮೂರು ಕಡೆಗಳಲ್ಲಿ ಮಾತ್ರ ಎರಡು ಪದರ ಹಾಕಿಸುವುದು ಜಾಣತನ.

ಎಲ್ಲಿ ಸೆಳೆತವಿದೆಯೋ ಅಲ್ಲಿ ಗಟ್ಟಿ ಬಟ್ಟೆ ಎಂಬ ಈ ತತ್ತ್ವಕ್ಕೆ ಕನ್ನಡ ನಾಡಿನಲ್ಲಿಯೇ ಉಜ್ವಲವಾದ ಉದಾಹರಣೆಯೊಂದಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಸಂಸ್ಥೆಯೆಂದು ಹೆಸರಾಗಿದೆ. ಖಾದಿಯ ಧ್ವಜದಲ್ಲಿ ಗಾಳಿಗೆ ಹಾರುವ ಭಾಗಕ್ಕೆ ಒಂದು ಬಗೆಯ ಬಟ್ಟೆ. ಹಗ್ಗವನ್ನು ಹಿಡಿದು ಕಂಬಕ್ಕೆ ಸೇರುವ ಅಂಚಿಗೆ ‘ಖಾದಿ ಡಕ್’ ಎಂಬ ಇನ್ನೊಂದು ಬಗೆಯ ಗಟ್ಟಿ ಬಟ್ಟೆ. ರಾಷ್ಟ್ರಧ್ವಜಕ್ಕೆ ಸಲ್ಲುವ ಈ ವಿವೇಕ ರಾಷ್ಟ್ರಕ್ಕೆ ಅನ್ನ ನೀಡುವವನ ಅಂಗಿಗೂ ಸಲ್ಲಬೇಕಾದುದು ನ್ಯಾಯ.

ಪಾಲಿಯೆಸ್ಟರ್ ಬೆರೆತ ಬಟ್ಟೆಯ ವಿಷಯದಲ್ಲಿ ಎರಡೂ ಪಕ್ಷಗಳನ್ನು ತೂಗಿ ನೋಡಬೇಕು. ಅದು ಬೇಗ ಸವೆಯದು, ಬೇಗ ಒಣಗುವುದು, ಸುಕ್ಕಾಗದು. ಆದರೆ ಪಾಲಿಯೆಸ್ಟರಿನ ಪ್ರಮಾಣ ಹೆಚ್ಚಿದಷ್ಟೂ ಬೆವರನ್ನು ಹೀರುವ ಗುಣ ಕಡಿಮೆಯಾಗುತ್ತದೆ. ಬೆಂಕಿಯ ಕಿಡಿ ತಗಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವನಿಗೆ, ಕಬ್ಬಿನ ರವದಿಗೆ ಬೆಂಕಿಯಿಕ್ಕುವವನಿಗೆ ಶುದ್ಧ ಹತ್ತಿಯ ಬಟ್ಟೆಯೇ ಕ್ಷೇಮಕರ.

ಬಣ್ಣವನ್ನು ಕುರಿತು ಹೇಳುವುದಾದರೆ, ಕಪ್ಪು ಬಿಸಿಲನ್ನು ಹೀರುತ್ತದೆ, ಬಿಳುಪು ಕೊಳೆಯನ್ನು ತೋರುತ್ತದೆ. ಇವೆರಡರ ನಡುವಿನ ಮಣ್ಣಿನ ಬಣ್ಣವೇ ಲೋಕಮಾನ್ಯವಾದ ಖಾಕಿ. ಪಾರಸಿಯ ‘ಖಾಕ್’ ಎಂದರೆ ಧೂಳು, ಮಣ್ಣು. ಈ ಬಣ್ಣದ ಚರಿತ್ರೆಯಲ್ಲಿ ಮಂಗಳೂರಿಗೂ ಸ್ಥಾನವಿದೆ. 19ನೆಯ ಶತಮಾನದ ನಡುಭಾಗದಲ್ಲಿ ಅಲ್ಲಿಯ ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಯಲ್ಲಿ ಹಾಲರ್ ಎಂಬವರು ಖಾಕಿ ಬಣ್ಣವನ್ನು ಸಿದ್ಧಪಡಿಸಿದರೆಂದು ಪ್ರತೀತಿಯಿದೆ. ಮಣ್ಣಿನಲ್ಲಿ ಕೆಲಸಮಾಡುವವನಿಗೆ ಮಣ್ಣಿನ ಬಣ್ಣ ಒಪ್ಪುವುದು ಸಹಜವೇ.

ಅಂಗಡಿಯಲ್ಲಿಯೂ ಮನೆಯಲ್ಲಿಯೂ ಮಾಡಬಹುದಾದ ನಾಲ್ಕು ಪರೀಕ್ಷೆಗಳುಂಟು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡತಕ್ಕದ್ದು. ಎಳೆಗಳ ನಡುವೆ ಬೆಳಕು ಸಮವಾಗಿ, ಮಿತವಾಗಿ ತೋರಿದರೆ ನೇಯ್ಗೆ ಒಳ್ಳೆಯದು. ಅಂಗೈಗಳ ನಡುವೆ ಗಟ್ಟಿಯಾಗಿ ಉಜ್ಜತಕ್ಕದ್ದು. ಹಿಟ್ಟಿನಂತೆ ಪುಡಿ ಉದುರಿ ಬಟ್ಟೆ ತೆಳ್ಳಗಾದರೆ ಅದು ಗಂಜಿಯ ಮೋಸ. ಒದ್ದೆಯಾದ ಬಿಳಿಯ ಬಟ್ಟೆಯಿಂದ ತಿಕ್ಕತಕ್ಕದ್ದು. ಬಣ್ಣ ಹತ್ತಿದರೆ ಅದು ನಿಲ್ಲುವ ಬಣ್ಣವಲ್ಲ. ಕೊನೆಯದಾಗಿ, ಒಂದು ಮೊಳದ ತುಂಡನ್ನು ರಾತ್ರಿಯಿಡೀ ನೆನೆಸಿ ಒಣಗಿಸಿ ಮತ್ತೆ ಅಳೆಯತಕ್ಕದ್ದು. ಸಂಸ್ಕರಿಸದ ಹತ್ತಿಯ ಬಟ್ಟೆ ನೂರಕ್ಕೆ ಹತ್ತರವರೆಗೂ ಕುಗ್ಗುವುದುಂಟು. ಸ್ಯಾನ್‌ಫರ್ಡ್ ಕ್ಲುಯೆಟ್ ಎಂಬಾತನು ಕಂಡುಹಿಡಿದು 1930ರ ಸುಮಾರಿಗೆ ಬಳಕೆಗೆ ತಂದ ‘ಸ್ಯಾನ್‌ಫರೈಸ್’ ಕ್ರಮದಿಂದ ಮೊದಲೇ ಕುಗ್ಗಿಸಿದ ಬಟ್ಟೆಯಲ್ಲಿ ಈ ದೋಷ ಬಹಳ ಮಟ್ಟಿಗೆ ಇರದು. ಅಂಥದು ದೊರೆಯದಿದ್ದಲ್ಲಿ ಬಟ್ಟೆಯನ್ನು ಮೊದಲು ನೆನೆಸಿ ಒಣಗಿಸಿ ಅನಂತರವೇ ದರ್ಜಿಗೆ ಕೊಡಬೇಕು.

ಹೊಲಿಗೆಯ ಪರೀಕ್ಷೆ

ಬಟ್ಟೆ ಗಟ್ಟಿಯಿದ್ದು ಹೊಲಿಗೆ ಬಿಚ್ಚಿಹೋಗುವ ಉಡುಪುಗಳೇ ಪೇಟೆಯಲ್ಲಿ ಬಹಳ. ಕೊಳ್ಳುವವನು ಉಡುಪನ್ನು ಒಳಮೈ ಹೊರಗೆ ಮಾಡಿ ನೋಡಬೇಕು; ಸಿದ್ಧ ಉಡುಪಿನ ಸತ್ಯ ಒಳಮೈಯಲ್ಲಿರುತ್ತದೆ. ಎರಡು ಅಂಚುಗಳನ್ನು ಒಂದರೊಳಗೊಂದು ಮಡಿಚಿ ಎರಡು ಅಥವಾ ಮೂರು ಸಾಲು ಹೊಲಿದ ಸಂದು ಶ್ರೇಷ್ಠ. ಅಲ್ಲಿ ಬಟ್ಟೆಯ ಹಸಿ ಅಂಚು ಹೊರಗೆ ಕಾಣಿಸದು. ಅಂಚನ್ನು ಬರಿಯ ನೂಲಿನಿಂದ ಸುತ್ತಿ ಒಂದೇ ಸಾಲು ಹೊಲಿದುದು ಕನಿಷ್ಠ. ಅಂಗುಲಕ್ಕೆ ಎಂಟರಿಂದ ಹತ್ತು ಹೊಲಿಗೆ ಯೋಗ್ಯವಾದುದು. ಅದಕ್ಕಿಂತ ವಿರಳವಾದರೆ ಸಂದು ಬಾಯ್ದೆರೆಯುತ್ತದೆ. ಅತಿ ಒತ್ತಾದರೆ ಸೂಜಿಯ ರಂಧ್ರಗಳೇ ಬಟ್ಟೆಯನ್ನು ಕತ್ತರಿಸುತ್ತವೆ.

ಜೇಬಿನ ಮೂಲೆ, ಷರಾಯಿಯ ಮುಂದಿನ ತೆರಪಿನ ಬುಡ, ನಡುಪಟ್ಟಿಯ ಕೊಂಡಿಗಳು ಈ ಸ್ಥಾನಗಳಲ್ಲಿ ಒತ್ತೊತ್ತಾದ ಅಡ್ಡಹೊಲಿಗೆಯೋ ಗುಬ್ಬಿಮೊಳೆಯೋ ಇರಬೇಕು. ಎರಡು ಕಾಲುಗಳು ಕೂಡುವ ಕವಲಿನಲ್ಲಿ ನಾಲ್ಕು ಸಂದುಗಳು ಒಂದೇ ಬಿಂದುವಿಗೆ ಸೇರಿದರೆ, ಕುಕ್ಕರಗಾಲಿನಲ್ಲಿ ಕುಳಿತಾಗ ಸೆಳೆತವೆಲ್ಲ ಆ ಬಿಂದುವಿನ ಮೇಲೆ ಬಿದ್ದು ಹರಿಯುತ್ತದೆ; ಅಲ್ಲಿ ಒಂದು ಚೌಕದ ತುಂಡನ್ನು ಸೇರಿಸಿದರೆ ಸೆಳೆತ ಹಂಚಿಹೋಗುತ್ತದೆ. ಹಿಂದಿನ ಅಂಗಿಗಳ ಬಗಲಿನಲ್ಲಿ ದರ್ಜಿಗಳು ಹಾಕುತ್ತಿದ್ದ ತುಂಡಿನ ರಹಸ್ಯವೂ ಇದೇ. ಮೊಣಕಾಲಿನ ಎರಡನೆಯ ಪದರದ ಕೆಳಅಂಚಿನಲ್ಲಿ ಸ್ವಲ್ಪ ತೆರವನ್ನು ಬಿಡಿಸಿದರೆ ಒಳಗೆ ಸೇರಿದ ಮಣ್ಣು ಉದುರಿಹೋಗುತ್ತದೆ.

ಅಳತೆಯನ್ನು ಕನ್ನಡಿಯ ಮುಂದೆ ನಿಂತು ನಿರ್ಧರಿಸಬಾರದು. ತೊಟ್ಟವನು ಕುಕ್ಕರಗಾಲಿನಲ್ಲಿ ಕೂರಬೇಕು, ಎರಡು ಕೈಗಳನ್ನೂ ತಲೆಯ ಮೇಲಕ್ಕೆತ್ತಬೇಕು, ಬದುವನ್ನು ದಾಟುವಂತೆ ಕಾಲನ್ನು ಎತ್ತಿಡಬೇಕು. ಈ ಮೂರರಲ್ಲಿ ಎಲ್ಲಿಯೂ ಬಟ್ಟೆ ಬಿಗಿಯದೆ, ನಿಂತಾಗ ಎಲ್ಲಿಯೂ ಜೋಲದೆ ಇದ್ದರೆ ಅದು ಕೆಲಸಕ್ಕೆ ಸಲ್ಲುವ ಅಳತೆ.

ಯಂತ್ರದ ಬಳಿ

ಬಟ್ಟೆ ಜೋಲಬಾರದೆಂಬುದು ಅಂದದ ಮಾತಲ್ಲ. ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಇತರ ಯಂತ್ರಗಳಿಗೆ ಶಕ್ತಿಯನ್ನು ಒದಗಿಸುವ ತಿರುಗುದಂಡದ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು; ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ದಂಡದ ವ್ಯಾಸ ಸುಮಾರು 35 ಮಿಲಿಮೀಟರು, ಸುತ್ತಳತೆ ಸುಮಾರು 11 ಸೆಂಟಿಮೀಟರು. ಒಂಬತ್ತು ಸುತ್ತಿಗೆ ಹತ್ತಿರಹತ್ತಿರ ಒಂದು ಮೀಟರು ಬಟ್ಟೆಯನ್ನು ಅದು ಒಂದೇ ಸೆಕೆಂಡಿನಲ್ಲಿ ಸುತ್ತಿಕೊಳ್ಳುತ್ತದೆ. ಸೀರೆಯ ಸೆರಗು, ದೋತರದ ಚುಂಗು, ಕೊರಳಿನ ವಲ್ಲಿ, ಗುಂಡಿ ಹಾಕದ ತೋಳು ಇವುಗಳಲ್ಲಿ ಯಾವುದು ಸಿಕ್ಕಿದರೂ, ಸಿಕ್ಕಿತೆಂದು ಮನಸ್ಸು ತಿಳಿಯುವ ಮೊದಲೇ ಮೈ ಅದರ ಹಿಂದೆ ಎಳೆಯಲ್ಪಡುತ್ತದೆ. ಕೂಗುವುದಕ್ಕೂ ಅವಕಾಶವಿರುವುದಿಲ್ಲ. ಈ ಲೆಕ್ಕವನ್ನು ಪ್ರೌಢಶಾಲೆಯ ಗಣಿತದ ಪಾಠದಲ್ಲಿ ಮಕ್ಕಳಿಂದ ಮಾಡಿಸಿದರೆ ಅದೊಂದು ಜೀವರಕ್ಷಕ ಪಾಠವಾದೀತು.

ಒಕ್ಕುವ ಯಂತ್ರಗಳಲ್ಲಿ ಕೈ ಕಳೆದುಕೊಳ್ಳುವವರ ಗೋಳನ್ನು ಕಂಡು ಭಾರತ ಸರಕಾರವು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಶಾಸನವನ್ನು ಮಾಡಿತು. ಯಂತ್ರವನ್ನು ನಡೆಸುವವರ ರಕ್ಷಣೆ, ಅಪಘಾತವಾದಾಗ ಪರಿಹಾರ ಇವು ಅದರ ಉದ್ದೇಶಗಳು. ಶಾಸನವು ಯಂತ್ರವನ್ನು ನಿಯಂತ್ರಿಸಬಹುದು. ಸೆರಗನ್ನು ಸಿಕ್ಕಿಸುವುದು ಮನೆಯವರ ಎಚ್ಚರಕ್ಕೆ ಬಿಟ್ಟ ಮಾತು. ಯಂತ್ರದ ಬಳಿ ನಿಲ್ಲುವವರ ತೋಳಿನ ಕೊನೆಗೂ ಷರಾಯಿಯ ಕೊನೆಗೂ ಗುಂಡಿಯಿರಬೇಕು, ಹೊರಜೇಬಿಗೆ ಮುಚ್ಚಳವಿರಬೇಕು, ಕೊರಳಿನಲ್ಲಿ ಏನೂ ಇರಬಾರದು.

ವಿಷದ ಬಳಿ

ಬಾಳಿಕೆಯ ಬಟ್ಟೆಯೆಲ್ಲವೂ ರಕ್ಷಣೆಯ ಬಟ್ಟೆಯೆಂದು ಭ್ರಮಿಸಬಾರದು. ದಪ್ಪನೆಯ ಹತ್ತಿಯ ಬಟ್ಟೆ ಮುಳ್ಳನ್ನು ತಡೆಯುತ್ತದೆ, ಕೀಟನಾಶಕವನ್ನು ತಡೆಯುವುದಿಲ್ಲ. ತೊಯ್ದರೆ ಅದೇ ವಿಷವನ್ನು ಹೀರಿ ಗಂಟೆಗಟ್ಟಲೆ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಸಿಂಪಡಣೆಯ ಕಾಲಕ್ಕೆ ವಿಷಬಾಧೆಯಿಂದ ಸುಮಾರು ಇಪ್ಪತ್ತು ಮಂದಿ ರೈತರು ಹಾಗೂ ಕೂಲಿಕಾರರು ಅಸುನೀಗಿದ ದುರಂತ ದೇಶವನ್ನೇ ಬೆಚ್ಚಿಬೀಳಿಸಿತು. ಸಿಂಪಡಿಸುವವರಿಗೆ ರಕ್ಷಣೆಯ ಉಡುಪಿರಬೇಕೆಂದು 1971ರ ಕೀಟನಾಶಕ ನಿಯಮಗಳೇ ವಿಧಿಸಿವೆ. ಆದರೆ ನಿಯಮ ಕಾಗದದಲ್ಲಿಯೂ ಕೂಲಿಕಾರ ಬರಿಮೈಯಲ್ಲಿಯೂ ಉಳಿದುದು ಶೋಚನೀಯ.

ಈ ದಿಸೆಯಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಶೋಧನ ಸಂಸ್ಥೆಯ ಪ್ರಯತ್ನ ಶ್ಲಾಘ್ಯವಾದುದು. ಸೆಪಿಯೊ ಹೆಲ್ತ್ ಎಂಬ ಸಂಸ್ಥೆಯೊಡನೆ ಅದು ರೂಪಿಸಿದ ‘ಕಿಸಾನ್ ಕವಚ’ವೆಂಬ ಉಡುಪು 2024ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಇದರ ಬಟ್ಟೆ ವಿಷವನ್ನು ಕೇವಲ ತಡೆಯುವುದಲ್ಲ. ಬಟ್ಟೆಯಲ್ಲಿ ಸೇರಿಸಿದ ರಾಸಾಯನಿಕವು ತನ್ನ ಮೇಲೆ ಬಿದ್ದ ಕೆಲವು ಜಾತಿಯ ಕೀಟನಾಶಕಗಳನ್ನು ಒಡೆದು ನಿರ್ವಿಷಗೊಳಿಸುತ್ತದೆ. ಒಗೆದು ಮತ್ತೆ ಬಳಸಬಹುದಾದ ಇದರ ಬೆಲೆ ಬಿಡುಗಡೆಯ ಕಾಲಕ್ಕೆ 4,000 ರೂಪಾಯಿಗಳಾಗಿತ್ತು. ಪ್ರತಿಯೊಬ್ಬ ಕೂಲಿಕಾರನೂ ಇದನ್ನು ಕೊಳ್ಳಲಾರನೆಂಬುದು ನಿಜ. ಆದರೆ ಸಹಕಾರಿ ಸಂಘವೋ ಹತ್ತು ಮನೆಗಳು ಕೂಡಿಯೋ ಕೊಂಡು ಸರದಿಯ ಮೇಲೆ ಬಳಸುವುದು ಅಸಾಧ್ಯವೇನಲ್ಲ.

ಅದು ದೊರೆಯುವವರೆಗೂ ಕನಿಷ್ಠಪಕ್ಷ ಇಷ್ಟನ್ನು ಪಾಲಿಸಬೇಕು. ಸಿಂಪಡಣೆಗೆಂದೇ ತುಂಬುತೋಳಿನ ಒಂದು ಜೋಡಿಯನ್ನು ಪ್ರತ್ಯೇಕವಾಗಿ ಇಡಬೇಕು. ಅದರ ಮೇಲೆ ಬೆನ್ನಿಗೂ ಎದೆಗೂ ನೀರಿಳಿಯದ ಹೊದಿಕೆ, ಕೈಗೆ ರಬ್ಬರಿನ ಗವಸು ಇರಬೇಕು. ಕೆಲಸ ಮುಗಿದೊಡನೆಯೇ ಕಳಚಿ, ಮನೆಯ ಇತರ ಬಟ್ಟೆಗಳೊಡನೆ ಬೆರೆಸದೆ ಸಾಬೂನಿನಿಂದ ಒಗೆದು ಬಿಸಿಲಿಗೆ ಹಾಕಬೇಕು. ಒಗೆಯುವವರ ಕೈಗೂ ಗವಸಿರಬೇಕೆಂಬುದನ್ನು ಮರೆಯಬಾರದು. ಹೊಲಕ್ಕೇ ಹೋಗದ ಹೆಣ್ಣುಮಗಳ ಮೈಗೆ ವಿಷ ಸೇರುವುದು ಆ ಒಗೆಯುವ ಕಲ್ಲಿನ ಮೇಲೆಯೇ. ಬೆರೆಸದ ಔಷಧಿ ಚೆಲ್ಲಿದ ಬಟ್ಟೆಯನ್ನು ಒಗೆದು ಉಳಿಸುವ ಆಸೆ ಬೇಡ.

ಹೆಣ್ಣುಮಕ್ಕಳ ಉಡುಪು

ಕಳೆ, ನಾಟಿ, ಕೊಯ್ಲು, ಹತ್ತಿ ಬಿಡಿಸುವುದು ಇವುಗಳಲ್ಲಿ ದುಡಿಯುವ ಕೈಗಳು ಬಹುಮಟ್ಟಿಗೆ ಹೆಣ್ಣಿನವು. ಆದರೆ ಕೆಲಸದ ಉಡುಪೆಂದು ಪೇಟೆಯಲ್ಲಿ ದೊರೆಯುವುದು ಗಂಡಿನ ಅಳತೆಯದು. ಹಳ್ಳಿಯ ಹೆಣ್ಣುಮಕ್ಕಳು ಇದಕ್ಕೆ ತಾವೇ ಪರಿಹಾರವನ್ನು ಕಂಡುಕೊಂಡಿದ್ದಾರೆ: ಸೀರೆಯ ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ. ಜೋಳದ ಗರಿ, ಕಬ್ಬಿನ ರವದಿ ತೋಳನ್ನು ಸೀಳದಂತೆ, ಸೆರಗು ಹಾರದಂತೆ, ಬಿಸಿಲು ತಾಗದಂತೆ ಈ ಅಂಗಿ ಮಾಡುವ ಕೆಲಸ ಸಾಮಾನ್ಯವಾದುದಲ್ಲ. ಇದನ್ನು ಕಂಡು ನಗುವವರು ಅದರ ಹಿಂದಿನ ಬುದ್ಧಿಯನ್ನು ಅರಿತವರಲ್ಲ. ಆದರೂ ಅದು ಬೇರೊಬ್ಬರು ತೊಟ್ಟು ಸವೆಸಿದ ಬಟ್ಟೆ. ಭುಜ ಜಾರುತ್ತದೆ, ತೋಳು ಬೆರಳನ್ನು ಮುಚ್ಚುತ್ತದೆ. ಅವಳ ಅಳತೆಗೆ ಡ್ರಿಲ್ಲಿನಲ್ಲಿಯೇ ಹೊಲಿದ, ತೋಳಿನ ಕೊನೆಗೆ ಗುಂಡಿಯೂ ಕುಡುಗೋಲಿನ ಮೊನೆಗೆ ಸಿಕ್ಕದ ಒಳಜೇಬೂ ಇರುವ ಮೇಲಂಗಿಯನ್ನು ಊರ ದರ್ಜಿಯೇ ಸಿದ್ಧಪಡಿಸಬಲ್ಲನು. ಇದು ಹೊಸ ಕಲ್ಪನೆಯೇನೂ ಅಲ್ಲ. ಮೊದಲನೆಯ ಮಹಾಯುದ್ಧದ ಕಾಲಕ್ಕೆ, 1917ರಲ್ಲಿ, ಬ್ರಿಟನ್ನಿನಲ್ಲಿ ಹೊಲಗಳಿಗೆ ಇಳಿದ ಮಹಿಳಾ ಭೂಸೇನೆಯವರಿಗೆ ಷರಾಯಿ, ಮೊಣಕಾಲಿನವರೆಗಿನ ನಿಲುವಂಗಿ, ಬೂಟು, ಟೋಪಿಗಳನ್ನು ಸರಕಾರವೇ ಕೊಟ್ಟಿತು. ಕೆಲಸ ಹೆಣ್ಣಿನದಾದ ಮೇಲೆ ಉಡುಪೂ ಅವಳದೇ ಆಗಬೇಕೆಂಬುದನ್ನು ಅಲ್ಲಿ ಒಪ್ಪಿಕೊಳ್ಳಲಾಯಿತು.

ಬೆಲೆಯ ಲೆಕ್ಕ ಮತ್ತು ಕೊಡುವವರ ಹೊಣೆ

ಬಟ್ಟೆಯ ಬೆಲೆಯನ್ನು ಅಂಗಡಿಯ ಚೀಟಿಯಿಂದ ಅಳೆಯಬಾರದು. ತೊಟ್ಟ ದಿನಗಳಿಂದ ಭಾಗಿಸಿ ಅಳೆಯಬೇಕು. ಲೆಕ್ಕಕ್ಕಾಗಿ 400 ರೂಪಾಯಿಯ ಉಡುಪು 100 ದಿನಗಳ ಕೆಲಸಕ್ಕೆ ಬಂದಿತೆಂದೂ 900 ರೂಪಾಯಿಯದು 360 ದಿನಗಳಿಗೆ ಬಂದಿತೆಂದೂ ಇಟ್ಟುಕೊಂಡರೆ, ಮೊದಲನೆಯದಕ್ಕೆ ದಿನಕ್ಕೆ ನಾಲ್ಕು ರೂಪಾಯಿ, ಎರಡನೆಯದಕ್ಕೆ ಎರಡೂವರೆ ರೂಪಾಯಿ ಬೀಳುತ್ತದೆ. ಅಗ್ಗವೆನಿಸಿದುದೇ ತುಟ್ಟಿ. ಆದರೆ 900 ರೂಪಾಯಿಯನ್ನು ಒಂದೇ ಸಲ ಕೊಡಲಾರದವನು ನಾಲ್ಕು ಸಲ 400 ಕೊಡುತ್ತಾನೆ. ಬಡತನ ದುಬಾರಿಯಾಗುವ ಬಗೆ ಇದು; ಬರಿಯ ಉಪದೇಶದಿಂದ ಪರಿಹಾರವಾಗತಕ್ಕದ್ದಲ್ಲ.

ಹಿಂದೆ ವರ್ಷದ ಆಳಿಗೆ ಕಾಳಿನೊಡನೆ ಒಂದು ಜೊತೆ ಬಟ್ಟೆ, ಕಂಬಳಿ, ಕೆರ ಇವನ್ನು ಕೊಡುವ ರೂಢಿ ಅನೇಕ ಕಡೆ ಇದ್ದಿತು. ಆ ಆಳುತನದಲ್ಲಿ ಅನ್ಯಾಯವೂ ಬೆರೆತಿತ್ತು. ಜೀತದ ಪದ್ಧತಿಯನ್ನು 1976ರ ಶಾಸನ ರದ್ದುಮಾಡಿದುದು ಸರ್ವಥಾ ಯುಕ್ತವಾದುದು. ಆದರೆ ಜೀತ ಹೋಗುವಾಗ ಬಟ್ಟೆಯ ಹೊಣೆಯೂ ಅದರೊಡನೆ ಹೋಯಿತು. ದಿನಗೂಲಿಯ ಲೆಕ್ಕದಲ್ಲಿ ಕೈಗೆ ಬೆಲೆ ಕಟ್ಟಲಾಯಿತು. ಆ ಕೈಯನ್ನು ಮುಚ್ಚುವ ತೋಳಿಗೆ ಯಾರೂ ಬೆಲೆ ಕಟ್ಟಲಿಲ್ಲ. ಕಾರ್ಖಾನೆಯ ಶ್ರಮಿಕನಿಗೆ ಉಡುಪನ್ನು ಕಾರ್ಖಾನೆ ಕೊಡುವುದು ಸಹಜವೆಂದು ತೋರುವ ಲೋಕಕ್ಕೆ, ಹೊಲದ ಶ್ರಮಿಕನಿಗೆ ಹೊಲ ಕೊಡಬೇಕೆಂಬುದು ವಿಚಿತ್ರವಾಗಿ ತೋರುವುದೇಕೆ?

ವಸ್ತ್ರದಾನದ ವಿಷಯದಲ್ಲಿಯೂ ಇದೇ ಮಾತು. ದಾನಕ್ಕೆಂದು ಕೊಳ್ಳುವ ಬಟ್ಟೆ ಬಹುಮಟ್ಟಿಗೆ ತೆಳುವಾದುದು. ಎಣಿಕೆ ಹೆಚ್ಚಾಗಲೆಂದು ಗುಣವನ್ನು ಇಳಿಸುವುದುಂಟು. ಕೊಳ್ಳುವವನು ಬೇರೆ, ತೊಡುವವನು ಬೇರೆ ಆದಾಗ ಆಯ್ಕೆ ಕೆಡುತ್ತದೆ. ನೂರು ಮಂದಿಗೆ ಎರಡು ತಿಂಗಳು ಬಾಳುವ ಬಟ್ಟೆಗಿಂತ ನಲವತ್ತು ಮಂದಿಗೆ ಎರಡು ವರ್ಷ ಬಾಳುವ ಬಟ್ಟೆ ದೊಡ್ಡ ದಾನ. ಕೊಡುವವರು ಮೊದಲು ತೊಡುವವರನ್ನು ಕೇಳಬೇಕು: ಎಲ್ಲಿ ಹರಿಯುತ್ತದೆ, ಎಲ್ಲಿ ಬಿಗಿಯುತ್ತದೆ, ಜೇಬು ಎಲ್ಲಿ ಬೇಕು? ರೀನೋದ ದರ್ಜಿಗೆ ಲೋಕಖ್ಯಾತಿ ಬಂದುದು ಈ ಪ್ರಶ್ನೆಗಳ ಉತ್ತರದಿಂದಲೇ. ಹೊಲಿಗೆಯನ್ನು ಕಲಿಸುವ ಶಾಲೆಗಳಲ್ಲಿ ಕಸೂತಿಯೊಡನೆ ಕೆಲಸದ ಮೇಲಂಗಿಯನ್ನು ಹೊಲಿಯುವ ಪಾಠವನ್ನೂ ಸೇರಿಸಿದರೆ ವಿದ್ಯೆಗೂ ದಾನಕ್ಕೂ ಒಂದೇ ಸ್ಥಾನ ದೊರೆತಂತಾಗುತ್ತದೆ.

ಉಡುಪಿನ ಆರೈಕೆ

ಒಳ್ಳೆಯ ಬಟ್ಟೆಯೂ ಆರೈಕೆಯಿಲ್ಲದೆ ಬಾಳದು. ಬೆವರಿನ ಉಪ್ಪು ನೂಲನ್ನು ಕೆಡಿಸುತ್ತದೆ. ಆದುದರಿಂದ ಬೆವರಿದ ಬಟ್ಟೆಯನ್ನು ಮುದ್ದೆಮಾಡಿ ಇಡದೆ ಅಂದೇ ನೀರಿಗೆ ಹಾಕಬೇಕು. ಕಡಲೆಯ ಹೊಲದಲ್ಲಿ ಇಬ್ಬನಿಯೊಡನೆ ಬಟ್ಟೆಗೆ ಹತ್ತುವ ಹುಳಿಯೂ ಹತ್ತಿಯ ನೂಲಿಗೆ ಶತ್ರು. ಕಲ್ಲಿಗೆ ಬಡಿದು ಒಗೆಯುವುದಕ್ಕಿಂತ ನೆನೆಸಿ ಹಿಸುಕುವುದು ಮೇಲು. ಸಿಂಪಡಣೆಯ ಬಟ್ಟೆಯನ್ನು ಬಿಟ್ಟು ಉಳಿದುದನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿದರೆ ಬಣ್ಣವೂ ಬಲವೂ ಉಳಿಯುತ್ತವೆ. ಎರಡು ಜೋಡಿಗಳನ್ನು ಸರದಿಯ ಮೇಲೆ ತೊಟ್ಟರೆ ಎರಡೂ ಹೆಚ್ಚು ಕಾಲ ಬಾಳುತ್ತವೆ. ಹರಿದ ಮೇಲೆ ತೇಪೆ ಹಾಕುವುದಕ್ಕಿಂತ, ಬಟ್ಟೆ ತೆಳುವಾದುದನ್ನು ಕಂಡೊಡನೆಯೇ ಒಳಗಡೆಯಿಂದ ತುಂಡನ್ನಿಟ್ಟು ಹೊಲಿಯುವುದು ಉಚಿತ. ತೇಪೆಯ ಅಂಗಿ ನಾಚಿಕೆಯ ವಸ್ತುವಲ್ಲ. ಅದು ಬಟ್ಟೆಯ ಬೆಲೆಯನ್ನು ಬಲ್ಲವರ ಗುರುತು. ಕೊನೆಗೆ ತೊಡುವುದಕ್ಕೆ ಬಾರದಾದ ಬಟ್ಟೆಯೂ ಕೌದಿಯ ಪದರವಾಗಿ ಮತ್ತೆ ಎಷ್ಟೋ ವರ್ಷ ಮನೆಯವರನ್ನು ಬೆಚ್ಚಗಿಡುತ್ತದೆ.

ಉಪಸಂಹಾರ

ನೇಯ್ಗೆಯಲ್ಲಿ ಒತ್ತು, ಹೊಲಿಗೆಯಲ್ಲಿ ಮಡಿಕೆ, ಅಳತೆಯಲ್ಲಿ ಬಿಡುವು, ಅಂಚಿನಲ್ಲಿ ಬಿಗಿ ಈ ನಾಲ್ಕೂ ಸೇರಿದುದು ಒಕ್ಕಲುತನದ ಕೆಲಸಕ್ಕೆ ತಕ್ಕ ಉಡುಪು. ಯಂತ್ರದ ಬಳಿಗೆ ಅಂಚಿನ ಬಿಗಿಯೇ ಪ್ರಧಾನ; ವಿಷದ ಬಳಿಗೆ ಇವಾವುವೂ ಸಾಲದೆ ಪ್ರತ್ಯೇಕವಾದ ಕವಚವೇ ಬೇಕು. ಇವೆಲ್ಲಕ್ಕೂ ಮೊದಲು ಬೇಕಾದುದು, ದುಡಿಯುವ ಮೈಗೂ ಆರಿಸಿದ ಬಟ್ಟೆ ಸಲ್ಲಬೇಕೆಂಬ ನಿಶ್ಚಯ. ಹೊಲಕ್ಕೆ ಹೋಗುವ ಬಟ್ಟೆ ಉಳಿದೆಲ್ಲ ಬಟ್ಟೆಗಳ ಶೇಷವಾಗದೆ, ಮನೆಯಲ್ಲಿ ಮೊದಲು ವಿಚಾರಿಸಿ ಕೊಳ್ಳುವ ಬಟ್ಟೆಯಾದ ದಿನ, ದುಡಿಮೆಗೆ ಸಲ್ಲತಕ್ಕ ಗೌರವ ಬಾಯಿಮಾತಿನಿಂದ ಇಳಿದು ಮೈಮೇಲೆ ಬಂದಂತಾಗುತ್ತದೆ.